ಕುಪ್ಪಸದೊಳಗಿನ ಬಿಳಿ ಪುಡಿ

ಭದ್ರಾವತಿಯ ಕಾರ್ಖಾನೆ ಲೈನಿನ ಮನೆಗಳಲ್ಲಿ ಹೆರಿಗೆಯಾದರೆ ಕೂಸಿಗೆ ನೀರು ಹಾಕಲು ಕಾಶಮ್ಮನೇ ಬರಬೇಕು. ಗಂಡ ಕುಲುಮೆಯ ಹೊಗೆ ಕುಡಿದು ತೀರಿಹೋಗಿದ್ದ, ಸ್ವಂತ ಮಕ್ಕಳಿರಲಿಲ್ಲ. ಊರಿನ ಕೂಸುಗಳೆಲ್ಲ ಅವಳ ಕಾಲ ಮೇಲೆಯೇ ಮಲಗಿ ಮಿಂದವು.

ಅವಳಿಗೊಂದು ಅಭ್ಯಾಸವಿತ್ತು. ಮಲೇರಿಯಾದವರು ಮನೆಮನೆಗೆ ಡಿ.ಡಿ.ಟಿ. ಹೊಡೆದು, ಬಾಗಿಲ ಮೇಲೆ ತಾರೀಖು ಬರೆದು ಹೋದ ಮೇಲೆ, ಒಣಗಿದ ಗೋಡೆಯಿಂದ ಬಿಳಿ ಪುಡಿ ಕೆರೆದು, ಕಾಗದದ ಪೊಟ್ಟಣ ಕಟ್ಟಿ ಕುಪ್ಪಸದೊಳಗೆ ಇಟ್ಟುಕೊಳ್ಳುವಳು. ಹೇನಿಗೂ ಅದೇ, ತಿಗಣೆಗೂ ಅದೇ, ಬಾಣಂತಿಯ ಹಾಸಿಗೆಗೂ ಅದೇ.

ಆ ವರ್ಷದ ಬಾಣಂತಿ ಜಗದಾಂಬಾ. ಶಿವಮೊಗ್ಗದಲ್ಲಿ ಓದಿ, ಅಲ್ಲಿನದೇ ದುರ್ಗಿಗುಡಿಯ ಮನೆಯೊಂದರ ಸೊಸೆಯಾಗಿ, ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಕೂಸು ಸೀನಿದರೂ ಅವಳ ಎದೆ ಧಸಕ್ಕೆನ್ನುವುದು. ಆ ಪುಡಿ ತಾಯಿಯ ಹಾಲಿಗೂ ಇಳಿಯುತ್ತದಂತೆ ಎಂದು ಪತ್ರಿಕೆಯಲ್ಲಿ ಓದಿದಂದಿನಿಂದ ಅನ್ನವೂ ಸೇರದು.

"ನನ್ನ ಹಾಸಿಗೆಗೆ ಅದನ್ನ ಉದುರಿಸ್ಬೇಡ ಮಾರಾಯ್ತಿ, ಕೂಸಿಗೇನಾದ್ರೂ ಆದ್ರೆ?"

"ಓದಿದೋರಿಗೆ ಪುಕ್ಕಲು ಜಾಸ್ತಿ ಕಣವ್ವ. ಹತ್ತು ವರ್ಷದಿಂದ ಎದೇಲೇ ಇಟ್ಕೊಂಡು ತಿರುಗ್ತಿದೀನಿ, ನಂಗೇನಾಗೈತೆ?" ಕಾಶಮ್ಮ ನಗುತ್ತ, ಪೊಟ್ಟಣ ತೆಗೆಯಲು ಕುಪ್ಪಸದ ಗಂಟು ಸಡಿಲಿಸಿದಳು.

ಎಡ ಮೊಲೆಯ ಚರ್ಮ ಒಂದು ಕಡೆ ಒಳಕ್ಕೆ ಜಗ್ಗಿತ್ತು.

"ಇದೇನು ಕಾಶಮ್ಮ?"

"ಗಂಟು. ಆರು ತಿಂಗಳಾತು. ನೋವಿಲ್ಲ, ಅದಕ್ಕೇ ಸುಮ್ನಿದೀನಿ."

ಜಗದಾಂಬಾಳಿಗೆ ತನ್ನ ಹಾಲಿನ ಚಿಂತೆ ಮರೆತೇಹೋಯಿತು. "ನಾಳೆ ಶಿವಮೊಗ್ಗದ ಆಸ್ಪತ್ರೆಗೆ ನಡಿ."

"ಗಂಡಸು ಡಾಕ್ಟರ ಮುಂದೆ ಕುಪ್ಪಸ ಬಿಚ್ಚಾಕಾ? ಸತ್ರೂ ಇಲ್ಲ."

"ಹಂಗಾದ್ರೆ ನನ್ನ ಕೂಸಿಗೆ ನೀರು ಹಾಕೋಕೂ ಬರ್ಬೇಡ."

ಈ ಅಂಜುಬುರುಕಿಯ ಬಾಯಲ್ಲಿ ಇಂಥ ಮಾತೇ! ಕಾಶಮ್ಮ ಕೂಸಿನ ಮುಖ ನೋಡಿದಳು. ಮರುದಿನ ಜಗದಾಂಬಾಳ ಜೊತೆ ಬಸ್ಸು ಹತ್ತಿದಳು.

ಮೊಲೆ ತೆಗೆಯದೆ ಬೇರೆ ದಾರಿಯಿಲ್ಲ ಎಂದರು ಡಾಕ್ಟರು. ಪುಡಿಯಿಂದಲೇ ಬಂತೇ ಎಂದು ಜಗದಾಂಬಾ ಪಟ್ಟುಹಿಡಿದು ಕೇಳಿದಳು.

"ಪುಡಿಯೋ, ಹೊಗೆಯೋ, ಮೈಯ ಗುಣವೋ, ನಂಗೊತ್ತಿಲ್ಲಮ್ಮ. ಆದ್ರೆ ಅದನ್ನ ಮೈಗೆ ಒತ್ತಿ ಇಟ್ಕೊಳ್ಳೋದು ಯಾಕೆ?"

ಹೌದು ಎಂದಿದ್ದರೆ ಬಯ್ಯಲು ಏನಾದರೂ ಸಿಗುತ್ತಿತ್ತು. ಗೊತ್ತಿಲ್ಲ ಎಂಬುದನ್ನು ಯಾರ ಮೇಲೆ ಹೊರಿಸುವುದು? ವಾಪಸು ದಾರಿಯುದ್ದಕ್ಕೂ ಜಗದಾಂಬಾಳಿಗೆ ಅದೇ ಯೋಚನೆ.

ನಾಲ್ಕು ತಿಂಗಳ ಮೇಲೆ ಮಲೇರಿಯಾದವರು ಮತ್ತೆ ಬಂದರು. ಕಾಶಮ್ಮ ಜಗದಾಂಬಾಳ ತವರಿನ ಬಾಗಿಲಿಗೆ ಅಡ್ಡ ನಿಂತಳು. ಆಪರೇಷನ್ ಆದ ಕಡೆಯ ಎಡಗೈ ಇನ್ನೂ ಪೂರ್ತಿ ಏಳದು.

"ಹೊಡಿಯಪ್ಪಾ, ಸೊಳ್ಳೆ ಸಾಯ್ಲಿ. ಮೊದ್ಲು ತೊಟ್ಟಿಲು, ನೀರಿನ ಕೊಡ ಆಚೆಗೆ ಬರ್ಲಿ."

ಗೋಡೆ ಒಣಗಿ ಬೆಳ್ಳಗಾಯಿತು. ಅಭ್ಯಾಸಬಲದಿಂದ ಕಾಶಮ್ಮನ ಉಗುರು ತಾನಾಗಿ ಗೋಡೆಗೆ ಹೋಯಿತು. ಜಗದಾಂಬಾ ಕೂಸನ್ನೆತ್ತಿಕೊಂಡು ನೋಡುತ್ತಿದ್ದಳು. ಕಾಶಮ್ಮ ಕೈ ಹಿಂದಕ್ಕೆ ತೆಗೆದುಕೊಂಡಳು. ಸೋಪು ಹಚ್ಚಿ ಎರಡು ಸಲ ತೊಳೆದು, ಬಚ್ಚಲಲ್ಲಿ ಕಾಲು ಚಾಚಿ ಕೂತಳು.

"ಕೊಡವ್ವ ಕೂಸ್ನ. ನೀರು ಆರ್ತೈತೆ."