ಪೆಲ್ಕೋಲನ ಮನೆಯ ಹತ್ತೊಂಬತ್ತು ವರ್ಷದ ಹಲಗೆ

ಹ್ಯಾನ್‌ಕಾಕ್ ಊರಿನಲ್ಲಿ ಬೆಳಿಗ್ಗೆ ಹಲ್ಲುಜ್ಜಲು ನಿಂತವರಲ್ಲಿ ಅರ್ಧಕ್ಕರ್ಧ ಮಂದಿ ನಿಂತಿರುವುದು ಆರ್ವಿಡ್ ಪೆಲ್ಕೋಲ ಹಾಸಿದ ನೆಲದ ಮೇಲೆ. ಗುಡ್ಡದ ತುದಿಯ ಪಾದ್ರಿಯ ಮನೆಯಿಂದ ಹಿಡಿದು ಕಾಲುವೆ ದಂಡೆಯ ಮೀನಂಗಡಿಯ ಹಿಂಬದಿಯ ಕೋಣೆಯವರೆಗೆ, ಮೂವತ್ತೆಂಟು ವರ್ಷಗಳಲ್ಲಿ ಅವನು ಮಂಡಿಯೂರದ ಬಾತ್‌ರೂಮ್ ಕಡಿಮೆ. ದೇವರ ಮುಂದೆ ಮಂಡಿಯೂರಿದ್ದಕ್ಕಿಂತ ಕಮೋಡುಗಳ ಮುಂದೆ ಊರಿದ್ದೇ ಹೆಚ್ಚು ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಪಾದ್ರಿ ಇದನ್ನು ಕೇಳಿಯೂ ಸುಮ್ಮನಿದ್ದರು. ಅವರ ಮನೆಯ ನೆಲದ ಸಂದಿಗಳಿಗೆ ಇನ್ನೊಮ್ಮೆ ಗಾರೆ ತುಂಬಿಸುವುದು ಬಾಕಿಯಿತ್ತು.

ಇಂಥ ಚಕ್ರವರ್ತಿಯ ಸ್ವಂತ ಬಾತ್‌ರೂಮಿನಲ್ಲಿ ಹತ್ತೊಂಬತ್ತು ವರ್ಷಗಳಿಂದ ಇದ್ದದ್ದು ಬರೀ ಪ್ಲೈವುಡ್ ಹಲಗೆ.

ಅದಕ್ಕೆ ಸೋಮಾರಿತನ ಕಾರಣವೆಂದು ಊರು ಭಾವಿಸಿತ್ತು. ನಿಜ ಬೇರೆ. ಒಂದು ಭಾನುವಾರ ಹಳೆಯ ಲಿನೋಲಿಯಂ ಕಿತ್ತೆಸೆದು, ಎರಡು ವಾರದಲ್ಲಿ ಹೊಸ ನೆಲ ಎಂದು ಹೆಂಡತಿ ಮಾರ್ಲೀನ್‌ಗೆ ಮಾತು ಕೊಟ್ಟಿದ್ದ. ಆಮೇಲೆ ಆರಿಸಲು ಕುಳಿತ. ಅಲ್ಲೇ ಕೆಟ್ಟಿತು. ಅಮೃತಶಿಲೆ ನೋಡಿದರೆ ಅದರ ಮೇಲೆ ನಿಂಬೆರಸ ಬಿದ್ದು ಕಲೆಯಾದದ್ದು ನೆನಪಾಗುತ್ತಿತ್ತು. ಮರ ನೋಡಿದರೆ ವಕೀಲರ ಮನೆಯ ನೆಲ ನೀರು ಕುಡಿದು ಹಪ್ಪಳದಂತೆ ಉಬ್ಬಿದ್ದು. ಬಿಳಿ ಟೈಲ್ ಕಂಡರೆ ಬಿದ್ದ ಒಂದೊಂದು ಕೂದಲೂ ಹಾವಿನಂತೆ ಕಾಣುವುದು. ಎಲ್ಲ ನೆಲಗಳ ಗುಟ್ಟೂ ಬಲ್ಲವನಿಗೆ ಯಾವ ನೆಲದ ಮೇಲೂ ಮನಸ್ಸು ನಿಲ್ಲಲಿಲ್ಲ. ಮಾದರಿ ಟೈಲ್‌ಗಳು ಕಾರಿನ ಶೆಡ್ಡಿನಲ್ಲಿ ಬೆಳೆದು ಬೆಳೆದು ಕೊನೆಗೆ ಕಾರು ಹೊರಗೆ ಹಿಮದಲ್ಲಿ ನಿಲ್ಲತೊಡಗಿತು.

ಗಿರಾಕಿಗಳ ವಿಷಯದಲ್ಲಿ ಮಾತ್ರ ಅವನಷ್ಟು ಖಂಡಿತವಾದಿ ಇನ್ನೊಬ್ಬನಿರಲಿಲ್ಲ. ಅವನ ಬಳಿ ಅಗಲವಾದ ಒಂದು ತಗಡಿನ ತಟ್ಟೆ ಇತ್ತು. ಗಿರಾಕಿ ಇಷ್ಟಪಟ್ಟ ಟೈಲನ್ನು ಅದರಲ್ಲಿಟ್ಟು ಸೋಪಿನ ನೀರು ಸುರಿದು, "ಕಾಲುಚೀಲ ತೆಗೀರಿ, ಹತ್ತಿ" ಎನ್ನುತ್ತಿದ್ದ. ಬ್ಯಾಂಕಿನ ಮ್ಯಾನೇಜರ್, ಐಸ್ ಹಾಕಿಯ ಕೋಚ್, ಸಾಕ್ಷಾತ್ ಪಾದ್ರಿ, ಎಲ್ಲರೂ ಅವನ ಮುಂದೆ ಬರಿಗಾಲಲ್ಲಿ ನಿಂತವರೇ. ಮಿರಮಿರನೆ ಮಿಂಚುವ ಕಪ್ಪು ಕಲ್ಲೇ ಬೇಕೆಂದು ಹಟ ಹಿಡಿದಿದ್ದ ದಂತವೈದ್ಯರು ತಟ್ಟೆ ಹತ್ತಿದ ಮೂರನೇ ಕ್ಷಣಕ್ಕೆ ಹೆಂಡತಿಯ ಕತ್ತು ತಬ್ಬಿಕೊಂಡರು. ಮದುವೆಯ ದಿನದ ನಂತರ ಇದೇ ಮೊದಲು ಎಂದು ಆಕೆ ಆಮೇಲೆ ಎಲ್ಲರಿಗೂ ಹೇಳಿದಳು. ಅವರ ಮನೆಗೆ ಒರಟು ಮೈಯ ಟೈಲೇ ಹೋಯಿತು.

ಮಾರ್ಲೀನ್ ಅಂಚೆ ಕಚೇರಿಯಲ್ಲಿ ಕೆಲಸ ಮಾಡುವವಳು. ತಡವಾಗಿ ಬರುವುದನ್ನು ಕಾಯುವ ಅಭ್ಯಾಸ ಅವಳಿಗಿತ್ತು. ಆದರೆ ಆ ವರ್ಷ ಜೂನ್ ಮೊದಲ ವಾರ ಅವಳ ಅಕ್ಕ ಮಿನೆಸೋಟದಿಂದ ಫೋನು ಮಾಡಿ, ನಡುಬೇಸಿಗೆಯ ಯೂಹಾನ್ನುಸ್ ಹಬ್ಬಕ್ಕೆ ಗಂಡನೊಡನೆ ಬರುವುದಾಗಿಯೂ, ಶನಿವಾರ ಎಲ್ಲರೂ ಒಟ್ಟಿಗೆ ಸೌನಾದ ಹಬೆಕೋಣೆ ಬಿಸಿಮಾಡಿ ಕೂರೋಣವೆಂದೂ ಹೇಳಿದಳು. ಪೆಲ್ಕೋಲನ ಮನೆಯಲ್ಲಿ ಬಿಸಿ ಸೌನಾದ ಬಾಗಿಲು ತೆರೆಯುವುದೇ ಬಾತ್‌ರೂಮಿಗೆ. ಬೆವರಿ, ನೀರೆರಚಿಕೊಂಡು, ಆವಿಯಾಡುತ್ತ ಹೊರಬಂದವರು ಮೊದಲು ಕಾಲಿಡುವುದೇ ಆ ಹಲಗೆಯ ಮೇಲೆ. ಅಕ್ಕನ ಮನೆಯ ಬಾತ್‌ರೂಮಿನಲ್ಲಿ ನೆಲವೇ ತಾನಾಗಿ ಬಿಸಿಯಾಗುತ್ತಿತ್ತಂತೆ. ಅಕ್ಕ ಅದನ್ನು ವರ್ಷಕ್ಕೆ ನಾಲ್ಕು ಸಲ ಹೇಳುತ್ತಿದ್ದಳು.

ಮಾರ್ಲೀನ್ ಜಗಳವಾಡಲಿಲ್ಲ. ಫ್ರಿಜ್ಜಿನ ಬಾಗಿಲಿಗೆ ಒಂದು ಕಾರ್ಡು ಸಿಕ್ಕಿಸಿದಳು, ಅಷ್ಟೆ. ಅದರಲ್ಲಿದ್ದ ಹೆಸರು ಬ್ರೂನೋ ಗಾಸ್ಪಾರಿ.

ಸೇತುವೆಯಾಚೆ ಹೌಟನ್ನಿನಲ್ಲಿ ಅಂಗಡಿಯಿಟ್ಟಿದ್ದ ಗಾಸ್ಪಾರಿ ಟೈಲ್ ಮುಟ್ಟುವುದನ್ನು ಬಿಟ್ಟು ಇಪ್ಪತ್ತು ವರ್ಷವಾಗಿತ್ತು. ಚಾಪೆಯಂತೆ ಸುತ್ತಿದ ವಿನೈಲ್ ತಂದು, ಬಿಚ್ಚಿ, ಅಂಚು ಕತ್ತರಿಸಿ, ಊಟದ ಹೊತ್ತಿಗೆ ಮನೆ ಸೇರುವವನು. ಪೆಲ್ಕೋಲ ಅವನನ್ನು 'ಚಾಪೆ ಹಾಸುವವನು' ಎಂದೇ ಕರೆಯುತ್ತಿದ್ದ.

"ಹಬ್ಬದ ಹಿಂದಿನ ಗುರುವಾರ ಒಂಬತ್ತು ಗಂಟೆಗೆ ಬರ್ತಾನಂತೆ," ಎಂದಳು ಮಾರ್ಲೀನ್ ಕಾಫಿ ಸುರಿಯುತ್ತ. "ಅಷ್ಟರೊಳಗೆ ನೀನು ಹಾಕಿದ್ರೆ ನಿಂದು. ಇಲ್ದಿದ್ರೆ ಅವನದು."

ಪೆಲ್ಕೋಲನ ಕೈಯಲ್ಲಿದ್ದ ನಿಸು ಬನ್ನಿನ ಚೂರು ಕಾಫಿಯೊಳಗೆ ಬಿದ್ದು ಮುಳುಗಿತು. ತನ್ನ ಮನೆ, ತನ್ನ ಬಾತ್‌ರೂಮ್, ಅದರಲ್ಲಿ ಗಾಸ್ಪಾರಿಯ ಚಾಪೆ. ಈ ಸುದ್ದಿ ಹೊರಬಿದ್ದರೆ ಇನ್ನು ಯಾರು ಅವನ ಮಾತು ಕೇಳಿ ಕಾಲುಚೀಲ ತೆಗೆದಾರು? ಸುದ್ದಿ ಆಗಲೇ ಹೊರಬಿದ್ದಿತ್ತು. ಮರುದಿನ ಹೋಟೆಲಿಗೆ ಹೋದರೆ ಹಾಕಿ ಕೋಚ್ ಎದ್ದುನಿಂತು, ಗುರುವಾರ ತಾನೂ ಬಂದು ನೋಡಬಹುದೇ, ಟಿಕೆಟ್ ಎಷ್ಟು ಎಂದು ವಿಚಾರಿಸಿದ.

ಅಂದೇ ಶೆಡ್ಡಿನಲ್ಲಿ ಸ್ವಯಂವರ ಏರ್ಪಟ್ಟಿತು. ಹತ್ತೊಂಬತ್ತು ವರ್ಷಗಳಿಂದ ಕಾದಿದ್ದ ವರಮಹಾಶಯರೆಲ್ಲ ಗೋಡೆಗೊರಗಿ ಸಾಲಾಗಿ ನಿಂತರು. ಕನ್ನೆಯ ಸ್ಥಾನದಲ್ಲಿ ಮಾರ್ಲೀನ್. ಪಕ್ಕದಲ್ಲಿ ಪ್ಲಾಸ್ಟಿಕ್ ಕುರ್ಚಿಯ ಮೇಲೆ ಅವಳ ತಾಯಿ ಸಿಲ್ವಿ. ಎಂಬತ್ತನಾಲ್ಕರ ಈ ಹೆಂಗಸನ್ನು ಮಕ್ಕಳು ಮೊಮ್ಮಕ್ಕಳಾದಿಯಾಗಿ ಎಲ್ಲರೂ ಮುಮ್ಮು, ಅಂದರೆ ಅಜ್ಜಿ ಎಂದೇ ಕರೆಯುತ್ತಿದ್ದರು. ಅಳಿಯನ ಮನೆಯಲ್ಲೇ ಇದ್ದು ಅಳಿಯನನ್ನು ದಿನವೂ ತಿದ್ದುವುದು ಅವಳ ವ್ಯಾಯಾಮ.

ಮರದ ವೇಷ ಹಾಕಿದ ಟೈಲ್ ಬಂದಿತು, ವೇಷಧಾರಿ ಎಂದು ಹೊರಬಿತ್ತು. ಹೊಳೆಯುವವು ತಟ್ಟೆಯಲ್ಲಿ ಜಾರಿ ಮಾನ ಕಳೆದುಕೊಂಡವು. ಕಡೆಗೆ ಎರಡಡಿ ಅಗಲದ, ಬೂದು ನೀಲಿಯ ಮಂಕು ಮೈಯ ಒಂದು ಚಪ್ಪಡಿ ಮುಂದೆ ಬಂದಾಗ ಮಾರ್ಲೀನ್ ಕುಳಿತಲ್ಲಿಂದ ಎದ್ದಳು. ನವೆಂಬರಿನಲ್ಲಿ ನಮ್ಮ ದೊಡ್ಡ ಸರೋವರಕ್ಕೆ ಬರುವ ಬಣ್ಣ. ಇದೇ, ಎಂದಳು. ಪೆಲ್ಕೋಲನಿಗೂ ಮೊದಲ ಸಲ ಯಾವ ದೋಷವೂ ಹೊಳೆಯಲಿಲ್ಲ. ಸಂದಿ ಕಡಿಮೆ, ಕೊಳೆ ಕೂರುವುದಿಲ್ಲ, ಕಲೆ ಹಿಡಿಯುವುದಿಲ್ಲ. ಸೋಪಿನ ನೀರು ಸುರಿದ, ನಿಂತಿತು. ಶಾಂಪೂ ಸುರಿದ, ನಿಂತಿತು. ಹುಮ್ಮಸ್ಸು ಹೆಚ್ಚಾಗಿ ಸರೋವರದ ಟ್ರೌಟ್ ಮೀನು ತೊಳೆದ ಲೋಳೆ ನೀರನ್ನೂ ಸುರಿದು ಅದರ ಮೇಲೆ ಒಂಟಿಕಾಲಲ್ಲಿ ನಿಂತು ತೋರಿಸಿದ. ಮುಮ್ಮು ಮೂಗು ಮುಚ್ಚಿಕೊಂಡು ಒಳಗೆ ಹೋದಳು.

ಅವನದೊಂದು ಪದ್ಧತಿಯಿತ್ತು. ಅಂಟಿಸುವ ಮುಂಚೆ ಟೈಲ್‌ಗಳನ್ನು ಗಾರೆಯಿಲ್ಲದೆ ಬರಿದೇ ಜೋಡಿಸಿಟ್ಟು, ಮನೆಯವರು ಎರಡು ದಿನ ಅದರ ಮೇಲೆ ಓಡಾಡಬೇಕು. ಬೇಡವೆನಿಸಿದರೆ ಎತ್ತಿಬಿಡುವುದು. ಹಬ್ಬಕ್ಕೆ ಇನ್ನೊಂದು ವಾರವಿದೆ ಎನ್ನುವಾಗ, ಶುಕ್ರವಾರ, ಬಾತ್‌ರೂಮಿನಲ್ಲಿ ಸರೋವರ ಹರಡಿತು. ಇನ್ನು ಆ ಕಾರ್ಡು ತೆಗೆಯಬಹುದಲ್ಲ ಎಂದು ಪೆಲ್ಕೋಲ ಕೇಳಿದ. ಅಂಟಿಸಿದ ಮೇಲೆ ನೋಡೋಣ ಎಂದಳು ಮಾರ್ಲೀನ್. ಹತ್ತೊಂಬತ್ತು ವರ್ಷ ಅವಳಿಗೆ ಅಷ್ಟನ್ನಾದರೂ ಕಲಿಸಿತ್ತು.

ಶನಿವಾರ ವರ್ಷದ ಹೊಸ ವಿಹ್ತಾ ಬಂದಿತು. ಜೂನಿನಲ್ಲಿ ಬರ್ಚ್ ಮರದ ಎಲೆ ತುಂಬಿ ಇನ್ನೂ ಮೆತ್ತಗಿರುವಾಗ ರೆಂಬೆಗಳನ್ನು ಕೊಯ್ದು ಪೊರಕೆಯಂತೆ ಕಟ್ಟಿ, ಸೌನಾದ ಬಿಸಿಯಲ್ಲಿ ಅದರಿಂದ ಮೈ ಬಡಿದುಕೊಳ್ಳದಿದ್ದರೆ ಸ್ನಾನ ಮುಗಿದಂತಲ್ಲ. ಮೊದಲ ಸರದಿ ಹೆಂಗಸರದು. ಒಂದು ಗಂಟೆಯ ನಂತರ ಮಾರ್ಲೀನ್ ಕರೆದಳೆಂದು ಪೆಲ್ಕೋಲ ಬಾತ್‌ರೂಮಿಗೆ ಬಂದ. ಮುಮ್ಮು ದೊಡ್ಡ ಟವೆಲು ಸುತ್ತಿಕೊಂಡು, ಬೀಟ್‌ರೂಟಿನಂತೆ ಕೆಂಪಾಗಿ, ಸೌನಾದ ಹೊಸ್ತಿಲ ಮೇಲೆ ನಿಂತಿದ್ದಳು. ಮುಂದೆ ಹೆಜ್ಜೆ ಇಡಲೊಲ್ಲಳು. ಅವಳ ಹಣೆಯ ಮೇಲೆ ಒಂದು, ಮೊಣಕಾಲಿನ ಮೇಲೆ ಎರಡು, ಅಂಗಾಲಿಗೆ ಲೆಕ್ಕವಿಲ್ಲದಷ್ಟು ಬರ್ಚ್ ಎಲೆ ಅಂಟಿದ್ದವು.

"ಹುಡುಗಾ," ಎಂದಳು ಅರವತ್ತೆರಡು ವರ್ಷದ ಅಳಿಯನಿಗೆ, "ಸೋಪು ಹಾಕಿದೆ, ಶಾಂಪೂ ಹಾಕಿದೆ, ಮೀನೂ ಹಾಕಿದೆ. ಎಲೆ ಹಾಕಿ ನೋಡಿದ್ಯಾ?"

ಪೆಲ್ಕೋಲ ನಕ್ಕ. ಅವನ ವೃತ್ತಿಜೀವನದ ಕೊನೆಯ ನಿಶ್ಚಿಂತ ನಗು ಅದು. ಎಲೆಯಂತೆ ಎಲೆ ಎಂದುಕೊಂಡು ಒದ್ದೆ ವಿಹ್ತಾವನ್ನು ಎರಡು ಸಲ ಝಾಡಿಸಿ, ಉದುರಿದ ಎಲೆಗಳ ಮೇಲೆ ಪಟ್ಟಕ್ಕೇರುವ ರಾಜನ ಠೀವಿಯಿಂದ ಬಲಗಾಲಿಟ್ಟ. ಬಲಗಾಲು ಅಲ್ಲಿ ನಿಲ್ಲದೆ ಹೌಟನ್ನಿನ ದಿಕ್ಕಿಗೆ ಹೊರಟಿತು. ಎಡಗಾಲು ಸ್ವಲ್ಪ ಯೋಚಿಸಿ ಅದನ್ನೇ ಹಿಂಬಾಲಿಸಿತು. ಉಳಿದ ಪೆಲ್ಕೋಲ ಗಾಳಿಯಲ್ಲಿ ಒಂದು ಕ್ಷಣ ಸಭ್ಯವಾಗಿ ಕುಳಿತಿದ್ದು, ಆಮೇಲೆ ಸರೋವರದ ನಟ್ಟನಡುವೆ ಇಳಿದ. ಕನ್ನಡಿಯ ಕಪಾಟಿನಲ್ಲಿದ್ದ ಬಾಟಲಿಗಳೆಲ್ಲ ಗೌರವದಿಂದ ಕಿಣಿಕಿಣಿಸಿದವು.

ಒರಟಾದ ಚಪ್ಪಡಿಯೇ. ಆದರೆ ಅಷ್ಟಗಲದ ಮೇಲೆ ಒಂದು ಹಿಡಿ ಒದ್ದೆ ಎಲೆ ಒಂದರ ಮೇಲೊಂದು ಕುಳಿತರೆ ಕಾಲಿಗೆ ಸಿಗುವುದು ಚಪ್ಪಡಿಯಲ್ಲ, ಎಲೆ. ಮೂವತ್ತೆಂಟು ವರ್ಷ ಸೌನಾದ ಊರಿನಲ್ಲಿ ನೆಲ ಹಾಸಿದವನು ಶನಿವಾರ ತನ್ನ ಬೆನ್ನಿಗೇ ಬಡಿದುಕೊಳ್ಳುವ ಎಲೆಯನ್ನು ಒಮ್ಮೆಯೂ ತಟ್ಟೆಗೆ ಹಾಕಿರಲಿಲ್ಲ.

ಭಾನುವಾರ ದಿಂಬಿನ ಮೇಲೆ ಕುಳಿತು ಯೋಚಿಸಿದ. ಉತ್ತರ ಮೊದಲೇ ಗೊತ್ತಿತ್ತು, ಒಪ್ಪಿಕೊಳ್ಳಲು ಇಡೀ ದಿನ ಹಿಡಿಯಿತು. ಕಾಸಿನಗಲದ, ಆರು ಮೂಲೆಯ ಸಣ್ಣ ಟೈಲ್. ಹಳೆಯ ಶಾಲೆ, ಹಳೆಯ ಕ್ಷೌರದಂಗಡಿಗಳಲ್ಲಿ ಇರುತ್ತಿದ್ದಂಥದು. ಎರಡು ಬೆರಳಿಗೊಂದು ಸಂದಿ. ನೀರು ಸಂದಿಗಿಳಿಯುತ್ತದೆ, ಎಲೆ ಅಂಚಿಗೆ ಸಿಕ್ಕಿ ನಿಲ್ಲುತ್ತದೆ, ಕಾಲಿನ ಬೆರಳಿಗೆ ಹಿಡಿತ ದೊರೆಯುತ್ತದೆ. ಇದನ್ನು ಅಜ್ಜಿ ಕಾಲದ ನೆಲ ಎಂದು ನೂರು ಗಿರಾಕಿಗಳ ಮುಂದೆ ಹಳಿದಿದ್ದವನೂ ಅವನೇ.

ಸೋಮವಾರ ವಿಚಾರಿಸಿದರೆ ಎಲ್ಲ ಅಂಗಡಿಯವರೂ ಮೂರು ವಾರವೆಂದರು. ಇಡೀ ಸೀಮೆಯಲ್ಲಿ ಅಂಥ ಟೈಲ್ ಪೆಟ್ಟಿಗೆ ಒಡೆಯದೆ ಬಿದ್ದಿರುವುದು ಒಂದೇ ಕಡೆ ಎಂದು ಒಬ್ಬ ಹೇಳಿದ. ಕ್ಷೌರದಂಗಡಿಗಳ ನೆಲ ಹಾಸಿದ ಹಿರಿಯ ಗಾಸ್ಪಾರಿಯ ನೆಲಮಾಳಿಗೆಯಲ್ಲಿ. ಈಗ ಅದು ಮಗ ಬ್ರೂನೋನದು.

ಪೆಲ್ಕೋಲ ಸೇತುವೆ ದಾಟಿದ. ಹಡಗೊಂದು ಬರುತ್ತಿದೆಯೆಂದು ಸೇತುವೆ ಮೇಲೆದ್ದು ಕಾಲು ಗಂಟೆ ಅವನನ್ನು ತಡೆಯಿತು. ಹಿಂತಿರುಗಲು ದೇವರು ಕೊಟ್ಟ ಅವಕಾಶವೇ ಇದು ಎಂದು ಮನಸ್ಸು ಹೇಳಿತು. ಕಾರಿನ ಸೀಟಿನ ಮೇಲಿದ್ದ ದಿಂಬು ಬೇರೆಯದನ್ನೇ ಹೇಳಿತು.

ಬ್ರೂನೋ ಗಾಸ್ಪಾರಿ ಕಥೆಯನ್ನು ಪೂರ್ತಿ ಕೇಳಿದ. ಬಿದ್ದ ಭಾಗವನ್ನು ಎರಡನೇ ಸಲವೂ ಹೇಳಿಸಿದ. ಆಮೇಲೆ ಒಳಗೆ ಹೋಗಿ ಬಲೆಗೆ ಅಂಟಿಸಿ ಹಾಳೆಯಂತೆ ಮಾಡಿದ್ದ ಸಣ್ಣ ಟೈಲ್ ತಂದು ಅಂಗಡಿಯ ನಡುವೆ ಇಟ್ಟು, ಅದರ ಮೇಲೆ ಬಕೆಟ್ಟಿನ ನೀರು ಸುರಿದ. ಬಾಗಿಲಾಚೆಯ ಮರದಿಂದ ಒಂದು ಹಿಡಿ ಎಲೆ ಕಿತ್ತುತಂದು ಉದುರಿಸಿದ. ಅಂಗಡಿಯಲ್ಲಿದ್ದ ನಾಲ್ಕು ಗಿರಾಕಿಗಳು ಹತ್ತಿರ ಬಂದರು.

"ಕಾಲುಚೀಲ ತೆಗಿ, ಆರ್ವಿಡ್," ಎಂದ ಬ್ರೂನೋ. "ಹತ್ತು."

ಪೆಲ್ಕೋಲ ತೆಗೆದ. ಎಡ ಚೀಲದಲ್ಲಿ ಹೆಬ್ಬೆರಳಿಗೆ ತೂತಿತ್ತು, ಅದನ್ನೂ ಹೌಟನ್ ನೋಡಿತು. ಹತ್ತಿ ನಿಂತ. ಒಂದು ಕಾಲೆತ್ತಿದ. ಅಲುಗಲಿಲ್ಲ.

"ನಮ್ಮಪ್ಪ ಮಾಡ್ತಿದ್ದಿದ್ದು ಇದೇ ಪರೀಕ್ಷೆ," ಎಂದ ಬ್ರೂನೋ. "ಅವನಿಗೆ ಇದನ್ನ ಹೇಳ್ಕೊಟ್ಟಿದ್ದು ನಿಮ್ಮೂರಿನ ಒಬ್ಳು ಹೆಂಗಸು. ಅವಳ ಹೆಸರು ನಂಗೊತ್ತಿಲ್ಲ, ಬಾಯಿ ಮಾತ್ರ ಭಾರಿ ಜೋರಂತೆ."

ಆ ಬಾಯಿ ಯಾವುದೆಂದು ಪೆಲ್ಕೋಲನಿಗೆ ಊಹಿಸುವುದು ಕಷ್ಟವಾಗಲಿಲ್ಲ. ಟೈಲ್ ಪೆಟ್ಟಿಗೆಗಳೊಡನೆ ಮನೆಗೆ ಬಂದು ಕೇಳಿದರೆ ಮುಮ್ಮು, ನಲವತ್ತು ವರ್ಷದಲ್ಲಿ ನೀನು ಕೇಳಿದ್ದರೆ ತಾನೆ ಹೇಳುವುದು ಎಂದು ಹೆಣಿಗೆ ಮುಂದುವರಿಸಿದಳು.

ಮಂಗಳವಾರ ಚಪ್ಪಡಿಗಳು ಶೆಡ್ಡಿಗೆ ಮರಳಿದವು. ಸಣ್ಣ ಬಿಳಿ ಟೈಲ್‌ಗಳ ನಡುವೆ ಅಲ್ಲಲ್ಲಿ ನೀಲಿ ಬರಲಿ, ಗೋಡೆಯಂಚಿಗೆ ನೀಲಿಯದೇ ಎರಡು ಸಾಲು ಇರಲಿ ಎಂದು ಮಾರ್ಲೀನ್ ಹೇಳಿದಳು. ಸಂದಿಗೆ ಬೂದು ಗಾರೆ ಎಂದು ಪೆಲ್ಕೋಲ ಹೇಳಿದ, ಬಿಳಿ ಹಾಕಿದರೆ ಹಬ್ಬ ಮುಗಿಯುವಷ್ಟರಲ್ಲಿ ಕೊಳೆ ಕಾಣುತ್ತದೆಂದು. ಮಂಗಳವಾರ, ಬುಧವಾರ ಎರಡೂ ದಿನ ಮಂಡಿಯ ಮೇಲಿದ್ದ. ಕುಳಿತುಕೊಳ್ಳುವ ಸೌಭಾಗ್ಯ ಹೇಗೂ ಇರಲಿಲ್ಲ. ಗುರುವಾರ ಒಂಬತ್ತಕ್ಕೆ ಸರಿಯಾಗಿ ಬ್ರೂನೋನ ಗಾಡಿ ಬಂದು ನಿಂತಿತು, ಏಕೆಂದರೆ ಮಾರ್ಲೀನ್ ಅವನಿಗೆ ಬೇಡವೆಂದು ಹೇಳಿಯೇ ಇರಲಿಲ್ಲ. ಗಾಡಿಯಲ್ಲಿ ಚಾಪೆಯಿರಲಿಲ್ಲ. ಇಬ್ಬರೂ ಮಂಡಿಯೂರಿ ಎದುರುಬದುರಾಗಿ ಸಂದಿಗೆ ಗಾರೆ ತುಂಬಿದರು. ತನ್ನಪ್ಪನಾಗಿದ್ದರೆ ಬಾಗಿಲ ಹತ್ತಿರ ಇನ್ನೂ ನೇರವಾಗಿ ಹಾಕುತ್ತಿದ್ದ ಎಂದು ಬ್ರೂನೋ ಐದು ಸಲ ಹೇಳಿದ. ಆರನೇ ಸಲ ಪೆಲ್ಕೋಲ ಆ ಸಾಲನ್ನು ಕಿತ್ತು ನೇರ ಮಾಡಿದ.

ಶನಿವಾರ ಹೆಂಗಸರು ಸೌನಾದಿಂದ ಹೊರಬರುವ ಹೊತ್ತಿಗೆ ಪೆಲ್ಕೋಲ, ಬ್ರೂನೋ, ಮಿನೆಸೋಟದ ಭಾವ, ಮೂವರೂ ಬಾತ್‌ರೂಮಿನ ಹೊರಬಾಗಿಲಲ್ಲಿ ಬೆನ್ನು ತಿರುಗಿಸಿ ನಿಂತು ಕಿವಿಗೊಟ್ಟಿದ್ದರು. ಮೊದಲು ಸೌನಾದ ಬಾಗಿಲು ಕಿರುಗುಟ್ಟಿತು. ಆಮೇಲೆ ಮುಮ್ಮುವಿನ ಎಲೆಯಂಟಿದ ಕಾಲು, ಪಚಕ್. ಪಚಕ್. ಪಚಕ್. ನಡುಮಧ್ಯದಲ್ಲಿ ನಿಂತಿತು. ಬೇಕೆಂದೇ ಹಿಮ್ಮಡಿಯಿಂದ ಎರಡು ಸಲ ಉಜ್ಜಿ ನೋಡಿದ ಸದ್ದು ಬಂದಿತು.

"ಪರವಾಗಿಲ್ಲ," ಎಂದಳು ಒಳಗಿನಿಂದ ಮುಮ್ಮು.

ನಲವತ್ತು ವರ್ಷಗಳಲ್ಲಿ ಅಳಿಯನಿಗೆ ಅವಳು ಕೊಟ್ಟ ಅತಿ ದೊಡ್ಡ ಬಿರುದು ಅದು. ಅಕ್ಕ ಅದೇ ನೆಲದ ಮೇಲೆ ನಿಂತು, ಚೆನ್ನಾಗಿದೆ, ಆದರೆ ಬಿಸಿಯಾಗುವುದಿಲ್ಲವಲ್ಲ ಎಂದಳಂತೆ. ಬಿಸಿ ಬೇಕಾದವರಿಗೆ ಪಕ್ಕದಲ್ಲೇ ಸೌನಾ ಇದೆ ಎಂದು ಮಾರ್ಲೀನ್ ಉತ್ತರ ಕೊಟ್ಟಳಂತೆ.

ಇಂದಿಗೂ ಪೆಲ್ಕೋಲನ ತಗಡಿನ ತಟ್ಟೆಯ ಪಕ್ಕದಲ್ಲಿ ನೀರು ತುಂಬಿದ ಒಂದು ಗಾಜಿನ ಭರಣಿ, ಅದರಲ್ಲಿ ಬರ್ಚ್ ಎಲೆ ಇರುತ್ತದೆ. ಆ ಹಬ್ಬದ ಸಂಜೆ ಅವನು ಗೆದ್ದ ಮುಖದಿಂದ ಅಡುಗೆಮನೆಗೆ ಹೋಗಿ, ಇನ್ನು ಇದರ ಕೆಲಸವಿಲ್ಲವೆಂದು ಗಾಸ್ಪಾರಿಯ ಕಾರ್ಡನ್ನು ಫ್ರಿಜ್ಜಿನಿಂದ ತೆಗೆಯಲು ಕೈಚಾಚಿದ. ಮಾರ್ಲೀನ್ ಅದನ್ನು ಮೆಲ್ಲಗೆ ಮತ್ತೆ ಅಲ್ಲೇ ಒತ್ತಿದಳು. ಆಮೇಲೆ ಚಪ್ಪಲಿಯ ತುದಿಯಿಂದ ಕೆಳಗೆ ತೋರಿಸಿದಳು. ಅಡುಗೆಮನೆಯ ಹಲಗೆಗೆ ಹದಿನೇಳನೆಯ ವರ್ಷ ನಡೆಯುತ್ತಿತ್ತು.