ಬೇಲಿಯೊಳಗಿನ ಹೊಂಗೆ

ಹೆಬ್ಬೆಟ್ಟು ಒತ್ತಿದವರೆಲ್ಲ ತಪ್ಪಿಸಿಕೊಂಡರು, ರುಜು ಹಾಕಿದ ತಾನೊಬ್ಬನೇ ಸಿಕ್ಕಿಬಿದ್ದೆ ಎಂಬ ಸಿಟ್ಟು ಷಡಕ್ಷರಿಗೆ ಇವತ್ತಿಗೂ ಆರಿಲ್ಲ. ಚೌಳಹಿರಿಯೂರಿನ ಆಚೆ ಅವನ ಹಳ್ಳಿಯ ಗೋಮಾಳದಲ್ಲಿ ಕಾಡು ಬೆಳೆಸುತ್ತೇವೆಂದು ಅರಣ್ಯ ಇಲಾಖೆಯ ಸಾಹೇಬರೊಬ್ಬರು ಜೀಪಿನಲ್ಲಿ ಬಂದಿದ್ದರು. ಊರಿನ ಒಪ್ಪಿಗೆಯ ಕಾಗದಕ್ಕೆ ಒಂದಾದರೂ ರುಜು ಬೇಕಿತ್ತು. ಮೂರನೇ ಕ್ಲಾಸು ಓದಿದ ಷಡಕ್ಷರಿ ಪೆನ್ನು ಇಸಕೊಂಡು, ನಾಲ್ಕು ಜನ ನೋಡಲಿ ಎಂದು ದುಂಡಗೆ ಬರೆದ. ಮೇಲಿದ್ದದ್ದನ್ನು ಓದಲಿಲ್ಲ.

ಕಾಡು ಎಂದರೆ ನೀಲಗಿರಿ ಎಂದು ತಿಳಿಯುವಷ್ಟರಲ್ಲಿ ಮುಳ್ಳುತಂತಿ ಬಿಗಿದಾಗಿತ್ತು. ಕಾವಲು ಕೆಲಸವೂ ಅವನ ಕೊರಳಿಗೇ ಬಿತ್ತು. ಊರ ದನ, ಕುರಿ, ಮೇಕೆ ಹೊರಗೆ, ಅವನೊಬ್ಬ ಒಳಗೆ. ಗೇಟಿನ ಬೋರ್ಡಿನಲ್ಲಿ ಹಸಿರು ಮರದ ಚಿತ್ರ, ಅದರ ಕೆಳಗೆ 'ಪ್ರವೇಶವಿಲ್ಲ'.

ಎಂಬತ್ತನಾಲ್ಕರ ಯುಗಾದಿಯ ಮಾರನೇ ದಿನ ಹೆಂಡತಿ ಪ್ರೇಮಮ್ಮ ಉಳಿದ ಒಬ್ಬಟ್ಟು ಕಟ್ಟಿಕೊಂಡು ಅಲ್ಲಿಗೇ ಬಂದಳು. ನೀಲಗಿರಿ ಸಾಲುಗಳ ನಡುವೆ ಒಂದೇ ಒಂದು ಹಳೆಯ ಹೊಂಗೆ ಉಳಿದಿತ್ತು. ಸಾಲಿಗೆ ಅಡ್ಡ, ಕಡಿದು ಹಾಕು ಎಂದು ಅಪ್ಪಣೆಯಾಗಿ ತಿಂಗಳಾಗಿತ್ತು. ಕೊಡಲಿಯ ಕಾವು ಸಡಿಲ ಎನ್ನುತ್ತ ಅವನು ದಿನ ದೂಡುತ್ತಿದ್ದ. ಎಳೆ ಎಲೆ ಬಿಸಿಲಿಗೆ ಮಿರಮಿರ ಎನ್ನುತ್ತಿತ್ತು. ಮೇಲೆ ಜೇನಿನ ಮೊರೆತ. ಉದುರಿದ ಹೂವಿನ ಮೇಲೆ ಇಬ್ಬರೂ ಕಾಲು ಚಾಚಿದರು.

"ಏನ್ ತಂಪಾಗೈತೆ ಕಣ್ರೀ! ನಿಮ್ಮ ಆ ನೀಲಗಿರಿಯಡಿ ಕೂತ್ರೆ ನೆತ್ತಿ ಸುಡ್ತದೆ."

"ನಂದಲ್ಲ ಕಣೇ ಅದು!" ಎಂದು ರೇಗಿದ. ಆದರೆ ಮಾತು ಒಳಗೆ ಕೊರೆಯಿತು. ನೀಲಗಿರಿ ಎಲೆಯನ್ನು ಮೇಕೆ ಮೂಸುವುದಿಲ್ಲ, ಬುಡದಲ್ಲಿ ಹುಲ್ಲು ಏಳುವುದಿಲ್ಲ. ಹೊಂಗೆಯ ಸೊಪ್ಪು ಗೊಬ್ಬರಕ್ಕೆ, ಬೀಜ ದೀಪದೆಣ್ಣೆಗೆ, ನೆರಳು ಬಂದವರಿಗೆಲ್ಲ. ಇದನ್ನು ಕಡಿದು ಅದನ್ನು ಬೆಳೆಸಿದರೆ ಪರಿಸರ ಉಳಿಯುತ್ತದಂತೆ!

ಬೇಲಿಯಾಚೆ ಮೇಕೆ ಕಾಯುವ ಮುದುಕಿ ಕೆಂಚಮ್ಮ ಬಂದು ನಿಂತಳು. "ಒಬ್ಬಟ್ಟು ಜೋರಾ, ಷಡಕ್ಷರಪ್ಪಾ? ಎರಡು ಬೇಸಿಗೆ ಕೆರೆಯಿಂದ ನೀರು ಹೊತ್ತು ಆ ಮರ ಬೆಳೆಸ್ದೋಳು ನಾನು. ಈಗ ಬಿಸ್ಲಲ್ಲಿ ನಾನು, ತಂಪಲ್ಲಿ ನೀನು!"

ಅವನಿಗೆ ಕೂರಲಾಗಲಿಲ್ಲ. ಎದ್ದು ಹೋಗಿ ಗೇಟು ತೆಗೆದ. ಏಳು ಮೇಕೆಗಳೂ ಬಂದು ನೆರಳಿನಲ್ಲಿ ಮಲಗಿದವು. ಪ್ರೇಮಮ್ಮ ಮುದುಕಿಗೆ ಒಬ್ಬಟ್ಟು ಕೊಟ್ಟಳು.

ಮುದುಕಿ ಅದನ್ನು ತಿಂದು ಮುಗಿಸುವ ಮೊದಲೇ ಗಾರ್ಡು ಗಂಗಾಧರಯ್ಯನ ಸೈಕಲ್ಲು ಬಂತು. "ಏನಪ್ಪಾ, ಸಂತೆ ನಡೆಸ್ತಿದ್ದೀಯ? ಮೇಕೆ ದೊಡ್ಡಿಗೆ ಹೊಡೀತೀನಿ, ದಂಡ ಕಟ್ಟಿ ಬಿಡಿಸ್ಕೊಳ್ಲಿ."

"ಊರ ಗೋಮಾಳ ಕಣ್ರೀ ಇದು! ಮುಟ್ಟಿ ನೋಡಿ!" ಷಡಕ್ಷರಿಯ ಕೂಗಿಗೆ ಮೇಕೆಗಳೇ ಎದ್ದು ನಿಂತವು.

ಗಂಗಾಧರಯ್ಯ ದನಿ ಏರಿಸಲಿಲ್ಲ. "ಬಿಟ್ಕೊಟ್ಟಿದ್ದು ಯಾರ ರುಜು? ಆಫೀಸಲ್ಲೈತೆ, ದುಂಡಗೆ, ನೋಡೋಕೆ ಚೆಂದ." ಆಮೇಲೆ ಹೊಂಗೆಯ ಕಡೆ ತಿರುಗಿದ. "ಸಂಜೆಯೊಳಗೆ ಇದು ಉರುಳಿದ್ರೆ, ಮೇಕೆ ನಾನು ನೋಡೇ ಇಲ್ಲ."

ಆ ಏಳು ಮೇಕೆ ಬಿಟ್ಟರೆ ಕೆಂಚಮ್ಮನಿಗೆ ಬೇರೆ ಬದುಕಿರಲಿಲ್ಲ. ಷಡಕ್ಷರಿ ಕೊಡಲಿ ತಂದ. ಕಾವು ಗಟ್ಟಿಯಾಗಿಯೇ ಇತ್ತು.

ಮರ ಬಿದ್ದ ಮೇಲೆ ಒಣಗಿದ ಕಾಯಿ ಆರಿಸಿ ಟವೆಲ್ಲಿನ ತುದಿಗೆ ಕಟ್ಟಿದ. "ಬೇರೆ ಕಡೆ ಹಾಕಿ, ಎರಡು ಬೇಸಿಗೆ ನಾನೂ ನೀರು ಹೊತ್ತು ನಿನ್ನ ಋಣ ತೀರಿಸ್ತೀನಿ ಕೆಂಚಮ್ಮಾ."

"ಎಲ್ಲಿ ಹಾಕ್ತೀಯಪ್ಪಾ?"

ಸ್ವಂತ ಹೊಲದ ಬದುವಿಗೆ ಹಾಕಿದರೆ ಅದು ಅವನ ಮರ, ಅವಳದಲ್ಲ. ಊರಿಗೆಲ್ಲ ಸೇರಿದ್ದೆಂದು ಇದ್ದ ನೆಲ ಈ ಗೋಮಾಳವೊಂದೇ. ಅದನ್ನು ಬಿಟ್ಟುಕೊಟ್ಟು ಅವನೇ ರುಜು ಹಾಕಿದ್ದ.

ಅಲ್ಲಿಂದ ಮೂರು ವರ್ಷ, ದಾರಿಯಲ್ಲಿ ಸಿಕ್ಕಾಗಲೆಲ್ಲ ಮುದುಕಿ "ನೀರು ಹೊತ್ಯೇನಪ್ಪಾ?" ಎಂದು ನಗುತ್ತಿದ್ದಳು. ಆಮೇಲೆ ತೀರಿಕೊಂಡಳು. ಕಾಯಿಗಳು ಅವನ ಮನೆಯ ಗೋಡೆಗೂಡಿನಲ್ಲಿ ಹಾಗೇ ಇವೆ.