ಐದು ಹಂತಕ್ಕೂ ಒಂದೇ ಏಣಿ

ಕೆಡಿಸಿದ್ದು ನಾನೇ, ಕಂಪ್ಯೂಟರಿನ ತಪ್ಪೇನೂ ಇಲ್ಲ. ಮೊಮ್ಮಗಳು ಶಿಲ್ಪಾ ತಾನು ಮಾಡಿದ ವಿಡಿಯೊ ಗೇಮನ್ನು ಇನ್ನೊಂದು ಗಂಟೆಯಲ್ಲಿ ಕಾಲೇಜಿಗೆ ಕಳಿಸಬೇಕಿತ್ತು, ತಪ್ಪಿದರೆ ಫೇಲು. ಮೊದಲ ಹಂತದಲ್ಲಿದ್ದ ಬಾವಿ ನೋಡಿ, "ನಮ್ ಕಡೆ ಬಾವಿಗೆ ಕಲ್ಲು ಮೆಟ್ಲು ಕಣೇ, ಏಣಿ ಯಾರಿಡ್ತಾರೆ? ಕಿತ್ತಾಕು" ಎಂದೆ. ಕಿತ್ತಳು. ಐದು ಹಂತಗಳಲ್ಲೂ ಏಣಿ ಮಾಯವಾಯಿತು. ಆಟದ ಹುಡುಗಿ ಮೇಲೆ ಹತ್ತಲಾರದೆ ನಿಂತುಬಿಟ್ಟಳು.

"ಎಲ್ಲಾ ಹಂತಕ್ಕೂ ಒಂದೇ ಏಣಿ ಜೋಡ್ಸಿದ್ದೆ ಅಜ್ಜಿ, ಅದರ ಮೂಲಾನೇ ಅಳಿಸ್ಬಿಟ್ಟೆ!" ಎಂದಳು. ಹಳೆಯ ಪ್ರತಿ ಹುಡುಕಿ ಏಣಿ ವಾಪಸು ಇಡುವಷ್ಟರಲ್ಲಿ ಹತ್ತೇ ನಿಮಿಷ ಉಳಿದಿತ್ತು. ಆಟ ಸಮಯಕ್ಕೆ ಸರಿಯಾಗಿ ಕಾಲೇಜಿಗೆ ಹೋಯಿತು.

ಬೈರಕೂರಿನ ನಮ್ಮ ಬೀದಿಯ ಮೂರು ಮನೆಯವರೂ ರೇಷ್ಮೆಹುಳು ಗೂಡು ಕಟ್ಟುವ ಚಂದ್ರಿಕೆಗಳನ್ನು ಹಂಚಿಕೊಂಡು ಬಳಸುತ್ತೇವೆ. ನನ್ನ ಹುಳುಗಳಿಗೆ ರೋಗ ತಗುಲಿದ್ದನ್ನು ಬಚ್ಚಿಟ್ಟಿದ್ದೆ. ಮರುದಿನ ಬೆಳಿಗ್ಗೆ ಉಳಿದ ಎರಡೂ ಮನೆಗೆ ಹೋಗಿ, ನನ್ನ ಹುಳುಗಳಿಗೆ ರೋಗ ಬಂದಿದೆ, ಚಂದ್ರಿಕೆ ಮುಟ್ಟಬೇಡಿ ಎಂದು ಹೇಳಿ ಬಂದೆ.